‘ಮಿಸ್’ ಪದದ ಮೊದಲ ಅರ್ಥ

ನಿಘಂಟಿನ ಕಚೇರಿಯಲ್ಲಿ ‘ಎಂ’ ಅಕ್ಷರ ಅರ್ಧ ದಾಟಿದ್ದ ದಿನಗಳಲ್ಲಿ ‘ಮಿಸ್’ ಎಂಬ ಕ್ರಿಯಾಪದ ಮೇಜಿನ ಮೇಲೆ ಬಂದು ಕೂತಿತು. ಕೂತದ್ದು ಏಳಲೇ ಇಲ್ಲ. ಅದಕ್ಕೂ ಮೊದಲು ಬಂದಿದ್ದ ‘ಮಿರರ್’ ಒಂದು ಕಾಫಿ ಮುಗಿಯುವಷ್ಟರಲ್ಲಿ ಮುಗಿದಿತ್ತು. ಅದರ ಮುಂದೆ ಸಾಲಾಗಿ ನಿಂತಿದ್ದ ಪದಗಳೆಲ್ಲ ಸುಮ್ಮನೆ ಕಾಯಬೇಕಾಯಿತು.

ಕಚೇರಿ ಇದ್ದದ್ದು ಬೀಗ ರಿಪೇರಿಯ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಕೆಳಗೆ ದಿನವಿಡೀ ಅರ ತಿಕ್ಕುವ ಸದ್ದು, ಮೇಲೆ ಪದಗಳನ್ನು ಬರೆದಿಟ್ಟ ಕಾರ್ಡು ತಿರುವುವ ಸದ್ದು. ನಡುವಿನ ಕೋಣೆಯಲ್ಲಿ ಒಂದು ಉದ್ದ ಮೇಜು. ಅದರ ಒಂದು ಕಾಲು ಗಿಡ್ಡವಾದ್ದರಿಂದ ಹಳೆಯ ಆವೃತ್ತಿಯ ಅನುಬಂಧ ಸಂಪುಟವನ್ನು ಅದರಡಿ ಕೊಟ್ಟಿದ್ದರು. ಆ ಸಂಪುಟ ಅಷ್ಟೊಂದು ಉಪಯೋಗಕ್ಕೆ ಬಂದದ್ದು ಅಲ್ಲೇ ಎಂದು ಪ್ರಧಾನ ಸಂಪಾದಕರು ಬಂದವರಿಗೆಲ್ಲ ಹೇಳುತ್ತಿದ್ದರು. ಅವರು ಜಗಳ ಶುರುವಾದ ಕೂಡಲೇ ಕನ್ನಡಕ ತೆಗೆದು ಒರೆಸುತ್ತ ಕೂರುವ ಮನುಷ್ಯ. ಇಂಗ್ಲಿಷ್–ಕನ್ನಡ ನಿಘಂಟನ್ನು ಹೊಸದಾಗಿ ತಿದ್ದುವ ಕೆಲಸ ಶುರುವಾದ ಮೇಲೆ ಅವರ ಕನ್ನಡಕ ಒಂದು ದಿನವೂ ಕೊಳೆಯಾಗಿರಲಿಲ್ಲ.

ಅಲ್ಲಿ ಇಬ್ಬರಿಗೆ ಅಡ್ಡಹೆಸರಿತ್ತು. ಪದಗಳ ಹುಟ್ಟು ಹುಡುಕುವವರು ಬೇರು ಮೇಷ್ಟ್ರು. ಜನ ಪದವನ್ನು ನಿಜಕ್ಕೂ ಹೇಗೆ ಆಡುತ್ತಾರೆಂದು ಕಲೆಹಾಕುವವಳು ಬಳಕೆ ಮೇಡಂ. ಇಬ್ಬರೂ ಹಿಂದೆ ಗಂಡ ಹೆಂಡತಿಯಾಗಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಕುಡಿಯುವ ನೀರು ಎಲ್ಲಿದೆ ಎಂದು ತೋರಿಸಿದ ಮೇಲೆ ಈ ವಿಷಯವನ್ನೂ ಯಾರಾದರೂ ಹೇಳಿಬಿಡುತ್ತಿದ್ದರು.

ಅವರು ಬೇರೆಯಾದದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಅವಳನ್ನು ಯಾರಾದರೂ ಒತ್ತಾಯಿಸಿ ಕೇಳಿದರೆ ಒಂದು ರಾತ್ರಿಯ ಊಟದ ವಿಷಯ ಹೇಳುತ್ತಿದ್ದಳು. ಅವಳು ತಟ್ಟೆ ಸರಿಸಿ, ‘ನನಗೆ ತುಂಬಾ ಬೇಜಾರಾಗಿದೆ’ ಎಂದಿದ್ದಳು. ಮೇಷ್ಟ್ರು ತುತ್ತು ನುಂಗಿ, ‘ಬೇಜಾರು ಪಾರಸಿ ಕಡೆಯಿಂದ ಬಂದ ಪದ’ ಎಂದಿದ್ದರು. ಅಷ್ಟೇ. ಅದಾದ ಮೇಲೆ ಕಾಗದ ಪತ್ರಗಳೆಲ್ಲ ಸದ್ದಿಲ್ಲದೆ ಮುಗಿದವು. ಮದುವೆಯಾಗಿದ್ದಾಗ ಅವಳನ್ನು ‘ನೀನು’ ಎನ್ನುತ್ತಿದ್ದ ಮೇಷ್ಟ್ರು ಅಂದಿನಿಂದ ‘ನೀವು’ ಎನ್ನತೊಡಗಿದರು. ತನ್ನ ಇಡೀ ಕೆಲಸದ ಬದುಕಿನಲ್ಲಿ ಸಿಕ್ಕ ಬಡ್ತಿ ಅದೊಂದೇ ಎಂದು ಅವಳು ನಗುತ್ತಿದ್ದಳು.

ಹಂಚಿಕೊಳ್ಳುವಾಗ ಎಡವಟ್ಟಾದದ್ದು ಒಂದೇ ವಿಷಯದಲ್ಲಿ. ಮೇಷ್ಟ್ರ ತಾಯಿ ಮಗನ ಜೊತೆ ಹೋಗಲು ಒಪ್ಪಲಿಲ್ಲ. ‘ನಾನು ಯಾಕೆ ಹೋಗಲಿ? ಜಗಳ ನಿಮ್ಮಿಬ್ಬರದು. ಹೆತ್ತೆ ಅಂತ ಅವನ ಮಾತೆಲ್ಲ ಕೇಳ್ಕೊಂಡು ಕೂರಬೇಕಾ?’ ಎಂದು ಕಿಟಕಿ ಪಕ್ಕದ ತನ್ನ ಮಂಚದ ಮೇಲೆ ಕಾಲು ಚಾಚಿ ಕೂತುಬಿಟ್ಟರು. ಹಾಗಾಗಿ ಸೊಸೆ ಸೊಸೆಯಾಗಿ ಉಳಿಯದಿದ್ದರೂ ಅತ್ತೆ ಅತ್ತೆಯಾಗಿಯೇ ಉಳಿದರು. ಮೇಷ್ಟ್ರು ವಾರಕ್ಕೊಮ್ಮೆ ಬಂದು, ಚಪ್ಪಲಿ ಬಾಗಿಲ ಹೊರಗೆ ಬಿಟ್ಟು, ತಾಯಿಯ ಎದುರು ಅತಿಥಿಯ ಹಾಗೆ ಕೂತು ಹೋಗುತ್ತಿದ್ದರು.

‘ಮಿಸ್’ ಮೇಜಿಗೆ ಬಂದ ದಿನ ಮೊದಲು ಬಾಯಿ ತೆರೆದವರು ಮೇಷ್ಟ್ರೇ. ಎರಡು ವಾರದಿಂದ ಬಿಡದ ಕೆಮ್ಮು ಅವರಿಗೆ. ಕೆಮ್ಮಿನ ನಡುವೆಯೇ ಹೇಳಿದರು.

‘ಮೊದಲ ಅರ್ಥ ಗುರಿ ತಪ್ಪು ಅಂತಲೇ ಇರಬೇಕು. ಹಳೆಯ ಇಂಗ್ಲಿಷಿನಲ್ಲಿ ಇದು ಎಸೆದದ್ದು, ಬಿಟ್ಟದ್ದು, ಮುಟ್ಟಬೇಕಾದ ಕಡೆ ಮುಟ್ಟದೆ ಹೋಗೋದು. ಮಿಸ್ಟೇಕ್ ಅನ್ನೋದರ ತಲೆಯಲ್ಲಿರೋ ಮಿಸ್ ಕೂಡ ಇದೇ ಮನೆಯದು. ಇನ್ನೂ ಹಿಂದಕ್ಕೆ ಹೋದರೆ ನಮ್ಮ ಮಿಥ್ಯೆ ಇದಕ್ಕೆ ದಾಯಾದಿ. ಅದನ್ನ ಟಿಪ್ಪಣಿಯಲ್ಲಿ ಹಾಕಲೇಬೇಕು.’

‘ದಾಯಾದಿ ಅಂತ ಖಚಿತವಾಗಿ ಹೇಳಬಹುದಾ?’ ಎಂದರು ಪ್ರಧಾನ ಸಂಪಾದಕರು.

‘ಹೇಳುವವರು ಇದಾರೆ.’

‘ಹೇಳುವವರು ಎಲ್ಲದಕ್ಕೂ ಇದಾರೆ,’ ಎಂದಳು ಅವಳು. ತನ್ನ ಕಾರ್ಡುಗಳ ಕಟ್ಟು ಬಿಚ್ಚಿದಳು. ‘ಇವತ್ತು ಈ ಪದಕ್ಕಾಗಿ ನಿಘಂಟು ತೆಗೆಯೋರು ಬಾಣ ಬಿಡೋಕೆ ಹೊರಟವರಲ್ಲ. ಯಾರೋ ಯಾರಿಗೋ ಐ ಮಿಸ್ ಯೂ ಅಂತ ಬರೆದಿರ್ತಾರೆ, ಅದಕ್ಕೆ ಕನ್ನಡದಲ್ಲಿ ಏನು ಅಂತ ನೋಡೋಕೆ ಬರ್ತಾರೆ. ಹಳೆಯ ಆವೃತ್ತಿಯಲ್ಲಿ ಅವರಿಗೆ ಏನು ಕೊಟ್ಟಿದೀವಿ ಗೊತ್ತಾ? ‘ಅಭಾವವನ್ನರಿತು ವ್ಯಥೆಪಡು’. ಯಾರಾದರೂ ಮಗಳಿಗೆ ಫೋನಲ್ಲಿ, ನಿನ್ನ ಅಭಾವವನ್ನರಿತು ವ್ಯಥೆಪಡ್ತಾ ಇದೀನಿ ಕಣಮ್ಮ ಅಂತಾರಾ?’

ಸಂಪಾದಕರು ನಕ್ಕರು. ಮೇಷ್ಟ್ರು ನಗಲಿಲ್ಲ. ಹಳೆಯ ಆವೃತ್ತಿಯಲ್ಲಿ ಆ ಸಾಲು ಬರೆದವರು ಅವರೇ.

‘ಕನ್ನಡದಲ್ಲಿ ಆ ಕೆಲಸಕ್ಕೆ ಪದ ಇಲ್ಲ,’ ಎಂದರು. ‘ಯಾಕಿಲ್ಲ ಅಂದರೆ, ನಾವು ಅದನ್ನ ಕೆಲಸ ಅಂತಲೇ ತಿಳಿಯಲ್ಲ. ನನಗೆ ನಿನ್ನ ನೆನಪಾಗುತ್ತೆ ಅಂತೀವಿ. ನೆನಪು ತಾನಾಗೇ ಆಗುತ್ತೆ. ನಾನು ಮಾಡೋದು ಏನೂ ಇಲ್ಲ. ಇಂಗ್ಲಿಷಿನವನು ಮಾತ್ರ ಅದನ್ನೂ ತಾನೇ ಮಾಡ್ತೀನಿ ಅಂತಾನೆ.’

‘ನಮ್ಮವರೂ ಈಗ ಮಾಡ್ತಾರೆ. ಮಿಸ್ ಮಾಡ್ಕೋತೀನಿ ಅಂತಾರೆ. ಅದರಲ್ಲಿ ಕೊಳ್ಳು ಇದೆ ನೋಡಿ.’

‘ಬಾಲಕ್ಕೆ ಕೊಳ್ಳು ಕಟ್ಟಿದ ಮಾತ್ರಕ್ಕೆ ಕನ್ನಡ ಆಗಿಬಿಡುತ್ತಾ?’

‘ಅಡ್ಜಸ್ಟ್ ಮಾಡ್ಕೊಳ್ಳಿ ಅಂತ ನೀವೇ ದಿನಾ ಹೇಳ್ತೀರಲ್ಲ.’

ಸಂಪಾದಕರು ಅಷ್ಟರಲ್ಲಿ ಕನ್ನಡಕದ ಎರಡೂ ಗಾಜು ಒರೆಸಿ ಮುಗಿಸಿದ್ದರು. ಈ ಪದವನ್ನು ನಾಡಿದ್ದಿಗೆ ಇಡೋಣ, ಇಬ್ಬರೂ ಆಧಾರ ಹುಡುಕಿಕೊಂಡು ಬನ್ನಿ ಎಂದು ಎದ್ದರು. ಕೆಳಗೆ ಬೀಗದವನ ಅರ ಕಿರ್ರೆನ್ನುತ್ತಲೇ ಇತ್ತು.

ಅಂದು ಸಂಜೆ ಅವಳು ಮನೆಗೆ ಬಂದಾಗ ಅತ್ತೆ ಎಂದಿನಂತೆ ಕಿಟಕಿಯ ಬಳಿ ಕೂತು, ಎದುರು ಕಟ್ಟಡದ ಜಾಹೀರಾತು ಫಲಕವನ್ನು ಗಟ್ಟಿಯಾಗಿ ಓದುತ್ತಿದ್ದರು. ಕಣ್ಣು ಇನ್ನೂ ಕಾಣುತ್ತಿದೆಯೇ ಎಂದು ಪರೀಕ್ಷೆ ಮಾಡಿಕೊಳ್ಳುವ ಅವರ ವಿಧಾನ ಅದು. ಕಿವಿ ಮಾತ್ರ ಪರೀಕ್ಷೆಯಲ್ಲಿ ಎಂದೋ ಫೇಲಾಗಿತ್ತು. ಅವಳು ಚಹಾ ಲೋಟ ಕೈಗೆ ಕೊಟ್ಟು ಪಕ್ಕದಲ್ಲಿ ಕೂತಳು.

‘ಅತ್ತೆ, ಮಿಸ್ ಅಂದ್ರೆ ನಿಮಗೆ ಏನನ್ಸುತ್ತೆ?’

‘ಸ್ಕೂಲಲ್ಲಿ ಪಾಠ ಹೇಳೋರು.’

‘ಅದಲ್ಲ. ಮಿಸ್ ಆಗೋದು.’

‘ಬಸ್ಸು.’

‘ಯಾರಾದ್ರೂ ದೂರ ಇದ್ದಾಗ, ಅವರು ಇಲ್ವಲ್ಲ ಅಂತ ಅನ್ಸುತ್ತಲ್ಲ, ಅದಕ್ಕೆ?’

ಅತ್ತೆ ಚಹಾ ಊದಿದರು. ‘ಮನೆ ಬಿಕೋ ಅನ್ನುತ್ತೆ ಅಂತೀವಿ. ಅದಕ್ಕೊಂದು ಬೇರೆ ಪದ ಯಾಕೆ? ಅಷ್ಟು ಅನ್ನಿಸಿದ್ರೆ ಹೋಗಿ ನೋಡ್ಕೊಂಡು ಬಂದ್ರಾಯ್ತು.’

‘ನಿಮ್ಮ ಮಗ ಒಪ್ಪಲ್ಲ. ಬಿಕೋ ಅನ್ನೋದು ಮನೆ, ಮನುಷ್ಯ ಅಲ್ಲ ಅಂತಾರೆ.’

‘ಅವನು ಹುಟ್ಟಿದಾಗ ಅಳೋಕೆ ಮುಂಚೆ ಸ್ವಲ್ಪ ಹೊತ್ತು ಯೋಚನೆ ಮಾಡಿದ. ನರ್ಸು ಗಾಬರಿಯಾಗಿದ್ಲು,’ ಎಂದರು ಅತ್ತೆ. ಆಮೇಲೆ ಲೋಟ ಕೆಳಗಿಟ್ಟು, ‘ಕೆಮ್ಮು ಹೇಗಿದೆ ಅವನಿಗೆ?’ ಎಂದು ಕೇಳಿದರು. ಕೆಮ್ಮು ತಗಲೀತೆಂದು ಮೇಷ್ಟ್ರು ಎರಡು ವಾರದಿಂದ ತಾಯಿಯನ್ನು ನೋಡಲು ಬಂದಿರಲಿಲ್ಲ.

‘ಇದೆ ಹಾಗೇ. ಔಷಧಿ ತಗೋತಿದಾರಂತೆ.’

‘ತಗೊಂಡಿರ್ತಾನೆ. ಬಾಟ್ಲಿ ಮೇಲಿನ ಹೆಸರು ಯಾವ ಭಾಷೆದು ಅಂತ ನೋಡ್ತಾ ಕೂತಿರ್ತಾನೆ.’

ಅವಳು ನಕ್ಕು, ‘ಬಿಕೋ ಅನ್ನು’ ಎಂದು ಒಂದು ಕಾರ್ಡಿನಲ್ಲಿ ಬರೆದುಕೊಂಡಳು. ಅತ್ತೆಯ ಮುಖ ಕಿಟಕಿಯ ಕಡೆಗೇ ಇತ್ತು. ಆದರೆ ಫಲಕ ಓದುವುದು ನಿಲ್ಲಿಸಿದ್ದರು. ಅದನ್ನು ಅವಳು ಗಮನಿಸಿದ್ದಳು. ಅದಕ್ಕೆ ಏನಾದರೂ ಅರ್ಥವಿರಬಹುದು ಎಂದು ಮಾತ್ರ ಹೊಳೆಯಲಿಲ್ಲ.

ನಾಡಿದ್ದು ಬಂತು. ಮೇಷ್ಟ್ರು ದಪ್ಪ ಪುಸ್ತಕಗಳ ಹೊರೆ ಹೊತ್ತು ಬಂದಿದ್ದರು. ಅವಳು ಇನ್ನೊಂದಷ್ಟು ಕಾರ್ಡು ತಂದಿದ್ದಳು. ಮಧ್ಯಾಹ್ನದ ಊಟವಾದ ಮೇಲೆ ಮಾತು ಶುರುವಾಗಿ, ಮಿಥ್ಯೆಯ ಮನೆತನದ ವಿಷಯದಲ್ಲಿ ಇಬ್ಬರ ದನಿಯೂ ಏರಿದ್ದಾಗ ಅವಳ ಫೋನು ರಿಂಗಾಯಿತು. ಕೆಳಗಿನ ಮನೆಯ ನರ್ಸ್. ರಾತ್ರಿ ಪಾಳಿ ಮುಗಿಸಿ ಮಲಗಿ ಈಗ ಎದ್ದಿದ್ದಳು.

‘ಅಜ್ಜಿ ಬಂದ್ರಾ ನಿಮ್ಮ ಹತ್ರ?’ ಎಂದಳು ನರ್ಸ್. ‘ಬೆಳಿಗ್ಗೆ ನೀವು ಹೋದ ಮೇಲೆ ಬೀಗದ ಕೈ ಕೊಟ್ಟು, ಹೋಗಿ ಬರ್ತೀನಿ ಅಂದ್ರು. ಮೂಲೆ ಅಂಗಡಿಗೆ ಇರಬೇಕು ಅಂದ್ಕೊಂಡು ಮಲಗಿಬಿಟ್ಟೆ. ಇನ್ನೂ ಬಂದಿಲ್ಲ. ಫೋನು ಮಂಚದ ಮೇಲೇ ಇದೆ.’

ಅತ್ತೆ ಮೂಲೆ ಅಂಗಡಿ ದಾಟಿ ಒಬ್ಬರೇ ಹೋದದ್ದು ಅವಳಿಗೆ ನೆನಪಿರಲಿಲ್ಲ. ಅವಳು ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿಯುವಾಗ ಹಿಂದೆ ಕೆಮ್ಮು ಕೇಳಿಸಿತು. ಮೇಷ್ಟ್ರು ಪುಸ್ತಕಗಳನ್ನು ತೆರೆದಂತೆಯೇ ಬಿಟ್ಟು ಹಿಂದೆಯೇ ಬಂದಿದ್ದರು. ಇಬ್ಬರೂ ಒಂದೇ ಟ್ಯಾಕ್ಸಿ ಹತ್ತಿದ್ದು ಎಷ್ಟೋ ವರ್ಷಗಳ ಮೇಲೆ. ನಡುವೆ ಅವಳ ಚೀಲ ಇತ್ತು.

ಔಷಧಿ ಅಂಗಡಿಯಲ್ಲಿ ವಿಚಾರಿಸಿದರು. ದಂತವೈದ್ಯರಲ್ಲಿ ಕೇಳಿದರು. ಉದ್ಯಾನದ ಬೆಂಚುಗಳನ್ನೆಲ್ಲ ನೋಡಿದರು. ಪ್ರತಿ ಬೆಂಚಿನಲ್ಲೂ ಯಾರೋ ಒಬ್ಬರು ಅಜ್ಜಿ ಇದ್ದರು, ಯಾರೂ ಅತ್ತೆಯಲ್ಲ. ವಾಚನಾಲಯದಲ್ಲಿ ಮೇಷ್ಟ್ರು ಒಳಗೆ ಹೋಗಿ ಬಂದರು. ಆಸ್ಪತ್ರೆಯ ವಿಚಾರಣೆ ಕಿಟಕಿಯಲ್ಲಿ ಅವಳು ನಿಂತಳು. ಬಿಸಿಲು ಗೋಡೆ ಹತ್ತಿ ಹೋಗುತ್ತಿತ್ತು. ಕೊನೆಗೆ ಇಬ್ಬರೂ ಪೊಲೀಸ್ ಠಾಣೆಯ ಮುಂದೆ ನಿಂತು ಒಬ್ಬರ ಮುಖ ಒಬ್ಬರು ನೋಡದೆ ಒಳಗೆ ಹೋದರು.

ಮೇಜಿನ ಹಿಂದೆ ಕೂತಿದ್ದವಳು ನಡುವಯಸ್ಸಿನ ಕಾನ್‌ಸ್ಟೇಬಲ್. ಎದುರು ಕೂರಲು ಹೇಳಿ ಪೆನ್ನು ತೆಗೆದಳು.

‘ನಿಮಗೆ ಏನಾಗಬೇಕು ಅವರು?’

‘ಅತ್ತೆ.’

‘ಇವರು?’

‘ಅವರ ಮಗ.’

‘ಅಂದ್ರೆ ನಿಮ್ಮ ಯಜಮಾನ್ರು.’

‘ಅಲ್ಲ.’

ಪೆನ್ನು ನಿಂತಿತು. ಕಾನ್‌ಸ್ಟೇಬಲ್ ಇಬ್ಬರನ್ನೂ ಒಮ್ಮೆ ನೋಡಿದಳು. ಅವಳ ವೃತ್ತಿಯಲ್ಲಿ ಇದಕ್ಕಿಂತ ತೊಡಕಿನ ಸಂಬಂಧಗಳು ಬಂದಿರಬೇಕು, ಮುಂದೆ ಕೇಳದೆ ಕೆಳಗಿನ ಸಾಲಿಗೆ ಹೋದಳು.

‘ಎತ್ತರ?’

‘ನನ್ನ ಭುಜದ ತನಕ ಬರ್ತಾಳೆ,’ ಎಂದರು ಮೇಷ್ಟ್ರು.

‘ಈಗ ಅಷ್ಟಿಲ್ಲ,’ ಎಂದಳು ಅವಳು. ‘ಕುಗ್ಗಿದಾರೆ.’

ಮೇಷ್ಟ್ರು ತಮ್ಮ ಭುಜವನ್ನೇ ಒಮ್ಮೆ ತಿರುಗಿ ನೋಡಿಕೊಂಡರು.

ಯಾವ ಬಟ್ಟೆ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಬೂದು ಸ್ವೆಟರ್ ಇರಬಹುದು, ನಿದ್ದೆಗಣ್ಣಿಗೆ ಹಾಗೆ ಕಂಡಿತೆಂದು ನರ್ಸ್ ಹೇಳಿದ್ದಳು. ಕಾನ್‌ಸ್ಟೇಬಲ್ ಬರೆಯುತ್ತ, ಬರೆದದ್ದನ್ನು ಬಾಯಲ್ಲಿ ಹೇಳಿಕೊಂಡಳು: ‘ಇಂದು ಬೆಳಿಗ್ಗೆಯಿಂದ ಕಾಣೆಯಾಗಿದ್ದಾರೆ.’

‘ಕಾಣೆ,’ ಎಂದರು ಮೇಷ್ಟ್ರು.

ಅವಳಿಗೆ ಆ ದನಿಯ ಪರಿಚಯವಿತ್ತು. ‘ಈಗ ಬೇಡ,’ ಎಂದಳು.

‘ಇಲ್ಲ, ನೋಡು. ಕಾಣೆ ಅಂದ್ರೆ ನಾನು ಕಾಣೆ. ನಾನು ನೋಡಲಾರೆ, ನನಗೆ ಕಾಣಿಸ್ತಿಲ್ಲ ಅಂತ. ಹಳೆಗನ್ನಡದಲ್ಲಿ ಅದು ಪೂರ್ತಿ ವಾಕ್ಯ. ಹೋದವರ ಬಗ್ಗೆ ಅದರಲ್ಲಿ ಒಂದಕ್ಷರ ಇಲ್ಲ ಕಣೇ. ಹುಡುಕೋನು ತನ್ನ ಬಗ್ಗೆ ಹೇಳ್ಕೋತಿರೋ ಮಾತು ಅದು. ಅಮ್ಮ ಕಾಣೆಯಾದಳು ಅಂದ್ರೆ... ನೀನು ಹೇಳು, ಅದರಲ್ಲಿ ನಾನು ಇದೀನಿ ಅಲ್ವಾ?’

ಕಾನ್‌ಸ್ಟೇಬಲ್ ಬರೆಯುವುದನ್ನು ಬಿಟ್ಟು ಅವರನ್ನೇ ನೋಡುತ್ತಿದ್ದಳು. ಬಳಕೆ ಮೇಡಂಗೆ ಮೈಯೆಲ್ಲ ಉರಿಯಿತು. ಬಾಯಿ ಮುಚ್ಚಿ ಎನ್ನಲು ತಿರುಗಿದಾಗ ಮೇಷ್ಟ್ರ ಕೈಗಳು ಕಣ್ಣಿಗೆ ಬಿದ್ದವು. ಎರಡೂ ಕೈ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದವು. ಮುಖದಲ್ಲಿ ಮಾತ್ರ ಪಾಠ ಹೇಳುವವನ ಗಾಂಭೀರ್ಯ. ಈ ಮನುಷ್ಯನಿಗೆ ಭಯವಾದಾಗ ಪದ ಸಿಗುತ್ತದೆ, ಬೇರೇನೂ ಸಿಗುವುದಿಲ್ಲ ಎಂದು ಅವಳಿಗೆ ಆಗ ಗೊತ್ತಾಯಿತು. ಬೇಜಾರಿನ ಮಾತು ಬಂದ ಆ ರಾತ್ರಿ ಊಟದ ಮೇಜಿನಲ್ಲೂ ಭಯವೇ ಆಗಿತ್ತೇನೋ. ಇದ್ದರೂ ಇರಬಹುದು. ಅದು ತಿಳಿದದ್ದರಿಂದ ಹಿಂದಿನದು ಯಾವುದೂ ಬದಲಾಗುವಂತಿರಲಿಲ್ಲ. ಅವಳು ಬಾಯಿ ಮುಚ್ಚಿ ಎನ್ನಲಿಲ್ಲ, ಅಷ್ಟೇ. ‘ನೀನು’ ಅಂದಿರಲ್ಲ ಎಂದು ತಿದ್ದಲೂ ಇಲ್ಲ.

‘ಸರ್, ನೀರು ಕುಡೀರಿ,’ ಎಂದು ಕಾನ್‌ಸ್ಟೇಬಲ್ ತನ್ನ ಬಾಟಲಿಯನ್ನೇ ಅವರ ಕಡೆ ಸರಿಸಿದಳು.

ಅಷ್ಟರಲ್ಲಿ ಪ್ರಧಾನ ಸಂಪಾದಕರ ಫೋನು ಬಂತು. ‘ನಿಮ್ಮ ಅತ್ತೆ,’ ಎಂದು ಶುರುಮಾಡಿ, ‘ಅಂದರೆ ಅವರ ತಾಯಿ,’ ಎಂದು ತಿದ್ದಿ, ಕೊನೆಗೆ, ‘ಅಮ್ಮ ಸಿಕ್ಕಿದಾರೆ,’ ಎಂದರು. ಅತ್ತೆಗೆ ಬಾಯಿಪಾಠವಿದ್ದ ಸಂಖ್ಯೆ ಜಗತ್ತಿನಲ್ಲಿ ಒಂದೇ, ಕಚೇರಿಯ ಹಳೆಯ ಫೋನಿನದು. ಮಗ ಮದುವೆಗೆ ಮುಂಚೆ ಅಲ್ಲಿ ಕೆಲಸಕ್ಕೆ ಸೇರಿದಾಗಿನಿಂದ ಅದು ತಲೆಯಲ್ಲಿ ಕೂತಿತ್ತು. ಊರಾಚೆಯ ಬಸ್ ಡಿಪೋದಿಂದ ಯಾರೋ ಆ ಸಂಖ್ಯೆಗೆ ಫೋನು ಮಾಡಿದ್ದರು.

ಡಿಪೋದಲ್ಲಿ ಬಸ್ಸುಗಳ ವೇಳೆ ನೋಡಿಕೊಳ್ಳುವವನ ಕೋಣೆಯಲ್ಲಿ ಅತ್ತೆ ಕೂತಿದ್ದರು. ಕಾಲು ಒಂದು ಸ್ಟೂಲಿನ ಮೇಲೆ. ಕೈಯಲ್ಲಿ ಚಹಾ. ಬೆನ್ನು ನೋವಿಗೆ ಹೇಗೆ ಕೂರಬೇಕೆಂದು ಆತನಿಗೆ ಹೇಳಿಕೊಡುತ್ತಿದ್ದರು, ಆತ ಹಾಗೆಯೇ ಕೂತು ಪ್ರಯತ್ನಿಸುತ್ತಿದ್ದ. ಇವರಿಬ್ಬರೂ ಒಟ್ಟಿಗೆ ಬಾಗಿಲಲ್ಲಿ ಕಾಣಿಸಿಕೊಂಡಾಗ ಅತ್ತೆ ತಲೆಯಿಂದ ಕಾಲಿನ ತನಕ ನೋಡಿ, ‘ಇಷ್ಟು ಹೊತ್ತು ಬೇಕಾ ಬರೋಕೆ?’ ಎಂದರು.

‘ಎಲ್ಲಿಗೆ ಹೊರಟಿದ್ರಿ ಅತ್ತೆ, ಒಬ್ರೇ?’

‘ಇವನ ಮನೆಗೆ. ಕೆಮ್ಮು ಅಂದ್ಯಲ್ಲ.’

‘ನನಗೆ ಹೇಳಬಾರದಿತ್ತಾ?’ ಎಂದರು ಮೇಷ್ಟ್ರು.

‘ಹೇಳಿದ್ರೆ ಬೇಡ ಅಂತಿದ್ದೆ. ಇವಳಿಗೆ ಹೇಳಿದ್ರೆ ಇವಳು ನಿನಗೆ ಹೇಳ್ತಿದ್ಲು, ಆಮೇಲೆ ನೀನು ಬೇಡ ಅಂತಿದ್ದೆ. ನಾನೇ ಬಸ್ ಹತ್ತಿದೆ. ಸರಿಯಾದ್ದೇ ಹತ್ತಿದೆ. ನಿದ್ದೆ ಬಂತು, ಸ್ಟಾಪು ಮಿಸ್ ಮಾಡ್ಕೊಂಡೆ. ಎದ್ದಾಗ ಇಲ್ಲಿ. ಇನ್ನೊಂದು ಬಸ್ಸಲ್ಲಿ ವಾಪಸ್ ಹೊರಟೆ. ಆವಾಗ ಎಚ್ಚರವಾಗೇ ಇದ್ದೆ. ಆದರೆ ನಿನ್ನ ಮನೆ ಹೇಗಿದೆ ಅಂತ ನೋಡಿದ್ರೆ ತಾನೇ ಗುರುತು ಹತ್ತೋದು? ಮತ್ತೆ ಮಿಸ್ ಮಾಡ್ಕೊಂಡೆ. ಪುಣ್ಯಾತ್ಮ ಕಂಡಕ್ಟರು ಮತ್ತೆ ಇಲ್ಲಿಗೇ ತಂದು ಇವರಿಗೆ ಒಪ್ಪಿಸಿದ.’

ಆ ಪದ ಕೇಳಿ ನಿಘಂಟಿನವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮೇಷ್ಟ್ರ ಮನೆ ಡಿಪೋಗೆ ಹತ್ತಿರವೇ ಇತ್ತು. ಅವಳೂ ಅಲ್ಲಿಗೆ ಬರುತ್ತಿರುವುದು ಅದೇ ಮೊದಲು. ಎರಡು ಕೋಣೆ. ಗೋಡೆಯುದ್ದಕ್ಕೂ ಕಾರ್ಡಿನ ಪೆಟ್ಟಿಗೆಗಳು, ಹಾಸಿಗೆಯ ಅರ್ಧದ ಮೇಲೂ ಪೆಟ್ಟಿಗೆಗಳು. ಕುರ್ಚಿ ಒಂದು. ಒಲೆ ಸ್ವಚ್ಛವಾಗಿತ್ತು, ಉರಿಸದ ಒಲೆ ಇರುವಷ್ಟು ಸ್ವಚ್ಛ. ಕೆಮ್ಮಿನ ಔಷಧಿಯ ಬಾಟಲಿ ಪುಸ್ತಕವೊಂದರ ಹಾಳೆ ಮುಚ್ಚದಂತೆ ತಡೆದು ನಿಂತಿತ್ತು. ಅದರ ಮುಚ್ಚಳದ ಸೀಲು ಒಡೆದಿರಲಿಲ್ಲ.

ಅತ್ತೆ ಎರಡೂ ಕೋಣೆಗಳನ್ನು ನಿಧಾನವಾಗಿ ಸುತ್ತಿದರು. ಕಿಟಕಿಯ ಅಂಚಿಗೆ ಬೆರಳು ಎಳೆದು, ಬೆರಳನ್ನು ನೋಡಿಕೊಂಡರು. ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದರು. ಇರುವ ಒಂದು ಕುರ್ಚಿಯಲ್ಲಿ ಕೂತರು.

‘ನಾನಿಲ್ಲಿ ನಾಲ್ಕು ದಿನ ಇರ್ತೀನಿ,’ ಎಂದರು.

‘ಅಮ್ಮ, ಜಾಗ ಇಲ್ಲ,’ ಎಂದರು ಮೇಷ್ಟ್ರು.

‘ಆ ಪೆಟ್ಟಿಗೆ ತೆಗಿ. ಜಾಗ ಆಗುತ್ತೆ.’

ಅವಳು ಅಂದು ಒಬ್ಬಳೇ ಬಸ್ಸಿನಲ್ಲಿ ವಾಪಸ್ ಬಂದಳು. ಅತ್ತೆ ಕ್ಷೇಮವಾಗಿ ಸಿಕ್ಕರಲ್ಲ ಎಂಬ ನಿರಾಳದಲ್ಲಿ ಬೇರೇನೂ ಅನ್ನಿಸಲಿಲ್ಲ. ಬಟ್ಟೆಬರೆ, ಔಷಧಿ, ದಪ್ಪ ಹಲ್ಲಿನ ಬಾಚಣಿಗೆ ಇತ್ಯಾದಿಯನ್ನು ಮರುದಿನ ಕಚೇರಿಗೆ ತಂದು ಮೇಷ್ಟ್ರ ಕೈಗೆ ಕೊಟ್ಟಳು.

ನಾಲ್ಕು ದಿನ ಎಂದದ್ದು ವಾರವಾಯಿತು. ವಾರಗಳಾದವು. ಅವಳು ತನ್ನಲ್ಲಿ ಏನಾಗುತ್ತಿದೆ ಎಂಬುದನ್ನು ಹೊರಗಿನವಳ ಹಾಗೆ ಗಮನಿಸತೊಡಗಿದಳು. ವೃತ್ತಿಯ ಚಾಳಿ ಅದು. ದುಃಖ ಎನ್ನುವಂಥದ್ದು ಇರಲಿಲ್ಲ. ಊಟ ರುಚಿಸುತ್ತಿತ್ತು, ನಿದ್ದೆ ಬರುತ್ತಿತ್ತು, ಟಿವಿಯ ಸದ್ದು ಕಡಿಮೆಯಾಗಿದ್ದು ಹಿತವಾಗಿಯೇ ಇತ್ತು. ಆದರೆ ಬೀಗದ ಕೈಯನ್ನು ಕೈಯಲ್ಲೇ ಹಿಡಿದುಕೊಂಡು ಕರೆಗಂಟೆ ಒತ್ತಿದ್ದಳು, ಒಂದಲ್ಲ ಹಲವು ಸಲ. ಒಳಗೆ ಬಂದ ಮೇಲೆ ಚಪ್ಪಲಿ ಬಿಡುವ ಮೊದಲೇ ಕಣ್ಣು ಕಿಟಕಿಯ ಮಂಚಕ್ಕೆ ಹೋಗುತ್ತಿತ್ತು. ಅಲ್ಲಿ ನೋಡಬೇಕಾದದ್ದು ಸಿಗದೆ, ಕಣ್ಣು ಅದರಾಚೆ ಹೋಗಿ ಗೋಡೆಗೆ ತಾಗುತ್ತಿತ್ತು. ‘ಇವತ್ತು ಏನಾಯ್ತು ಗೊತ್ತಾ’ ಎಂದು ದೊಡ್ಡ ದನಿಯಲ್ಲಿ ಶುರುಮಾಡಿ, ಕಿವುಡಿಲ್ಲದ ಖಾಲಿ ಮನೆಗೆ ಅಷ್ಟು ದೊಡ್ಡ ದನಿ ಬೇಕಿಲ್ಲವೆಂದು ನಿಲ್ಲಿಸುತ್ತಿದ್ದಳು.

ಕೈ, ಕಣ್ಣು, ದನಿ, ಮೂರೂ ಒಂದು ಕಡೆ ಗುರಿಯಿಟ್ಟು ಹೊರಡುತ್ತಿದ್ದವು. ಮೂರೂ ತಪ್ಪುತ್ತಿದ್ದವು. ಮೇಷ್ಟ್ರ ಬಾಣ ಇದೇ ಎಂದು ಅವಳಿಗೆ ತರಕಾರಿ ಹೆಚ್ಚುತ್ತಿದ್ದಾಗ ಹೊಳೆಯಿತು. ಇಂಗ್ಲಿಷಿನಲ್ಲಿ ಒಂದೇ ಪದ ಆ ಅರ್ಥದಿಂದ ಈ ಅರ್ಥಕ್ಕೆ ಬಂದದ್ದು ಹಾರಿಕೊಂಡಲ್ಲ, ನಡೆದೇ ಬಂದಿದೆ. ಚಾಕು ಕೆಳಗಿಟ್ಟು ಅದನ್ನು ಕಾರ್ಡಿನಲ್ಲಿ ಬರೆದಳು.

ಮುಂದಿನ ಸಭೆಯಲ್ಲಿ ಅವಳು, ‘ಗುರಿ ತಪ್ಪು ಅನ್ನೋದೇ ಮೊದಲು ಬರಲಿ,’ ಎಂದಾಗ ಪ್ರಧಾನ ಸಂಪಾದಕರು ಒರೆಸಲು ತೆಗೆದಿದ್ದ ಕನ್ನಡಕವನ್ನು ಮತ್ತೆ ಹಾಕಿಕೊಂಡು ನೋಡಿದರು.

‘ಒಪ್ಪಿದ್ರಾ?’

‘ಒಪ್ಪಿದೆ. ಆದರೆ ಕೆಳಗೆ ಒಂದು ಸಾಲು ಬೇಕು. ಹುಡುಕೋ ಕಣ್ಣು ಗುರಿ ಮುಟ್ಟದೇ ಇರೋದರಿಂದ ಎರಡನೇ ಅರ್ಥ ಬಂದಿದೆ ಅಂತ. ಜೊತೆಗೆ ಕನ್ನಡದ ‘ಕಾಣೆ’ಯನ್ನ ಹೋಲಿಸಿ ನೋಡಿ ಅಂತ.’

‘ಅದು ಸಾಧ್ಯ ಇಲ್ಲ,’ ಎಂದರು ಬೇರು ಮೇಷ್ಟ್ರು.

‘ಹೇಳಿದ್ದು ನೀವೇ ಅಲ್ವಾ?’

‘ಅದು ಠಾಣೆಯಲ್ಲಿ, ಗಾಬರಿಯಲ್ಲಿ ಆಡಿದ ಮಾತು. ಅಂಥದ್ದನ್ನೆಲ್ಲ ಅಚ್ಚು ಹಾಕೋಕಾಗುತ್ತಾ? ಆಧಾರ ಬೇಕು.’

‘ಹುಡುಕಿ ಮತ್ತೆ.’

‘ಹುಡುಕ್ತೀನಿ,’ ಎಂದು ಮೇಷ್ಟ್ರು ಪುಸ್ತಕದ ಕಡೆ ಬಾಗಿದರು. ಕೆಮ್ಮು ನಿಂತಿತ್ತು. ಅಂಗಿಗೆ ಇಸ್ತ್ರಿ ಆಗಿತ್ತು. ಬಾಗಿದ್ದವರು ತಲೆಯೆತ್ತದೆಯೇ, ‘ಎರಡನೇ ಅರ್ಥಕ್ಕೆ ಬಿಕೋ ಅನ್ನು ಅಂತ ಸೇರಿಸಬಹುದು. ನನ್ನ ಅಭ್ಯಂತರ ಇಲ್ಲ,’ ಎಂದರು.

‘ಅದರಲ್ಲಿ ಕರ್ತೃ ಮನೆ ಅಂತೀರಿ ಅಂದ್ಕೊಂಡಿದ್ದೆ.’

‘ನಮ್ಮನೇಲಿ ಈಗ ಅದನ್ನ ದಿನಾ ಕೇಳ್ತಿದೀನಿ. ಅವಳಿಲ್ದೆ ಬಿಕೋ ಅನ್ನುತ್ತೆ ಕಣೋ ಅಂತಾಳೆ, ಪಾತ್ರೆ ಕುಕ್ಕುತ್ತಾ. ಮನೆ ಬಗ್ಗೆ ಹೇಳ್ತಿರೋ ಹಾಗೆ ಕಾಣಲ್ಲ.’

ಅವಳು ತನ್ನ ಕಾರ್ಡುಗಳನ್ನು ಜೋಡಿಸಿದಳು. ಸರಿಯಾಗಿಯೇ ಇದ್ದವು, ಮತ್ತೊಮ್ಮೆ ಜೋಡಿಸಿದಳು. ಪ್ರಧಾನ ಸಂಪಾದಕರು ಯಾರ ಉತ್ತರಕ್ಕೂ ಕಾಯದೆ ತಾವೇ ಬರೆದುಕೊಂಡರು: ಒಂದು, ಗುರಿ ತಪ್ಪು, ಮುಟ್ಟದೆ ಹೋಗು. ಎರಡು, ಯಾರಾದರೂ ಇಲ್ಲದಿರುವುದು ಕಾಡು. ಅವರಿಲ್ಲದೆ ಬಿಕೋ ಅನ್ನಿಸು. ಮಿಥ್ಯೆಯ ನಂಟಿಗೆ ‘ಇದ್ದಿರಬಹುದು’ ಎಂಬ ಬಾಲ ಸೇರಿತು. ಕಾಣೆಯ ಸಾಲಿನ ಜಾಗದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆಚಿಹ್ನೆ ಉಳಿಯಿತು. ಸಂಜೆಯೊಳಗೆ ‘ಮಿಸ್’ ಎದ್ದು ಹೋಗಿ, ‘ಮಿಸ್ಟ್’ ಬಂದು ಕೂತಿತು. ಅದರ ಬಗ್ಗೆ ಯಾರಿಗೂ ತಕರಾರಿರಲಿಲ್ಲ.

ಆ ವಾರದ ಕೊನೆಯಲ್ಲಿ ಅವಳು ಮೇಷ್ಟ್ರ ಮನೆಗೆ ಹೋದಳು. ಮೇಷ್ಟ್ರು ಹೊರಗೆ ಹೋಗಿದ್ದರು. ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಪೆಟ್ಟಿಗೆಗಳು ಹಾಸಿಗೆಯಿಂದಿಳಿದು ಬಾಗಿಲ ಹಿಂದೆ ಸೇರಿದ್ದವು. ಕುರ್ಚಿಗಳು ಎರಡಾಗಿದ್ದವು. ಅವಳು ಸುತ್ತುಬಳಸದೆ ಕೇಳಿದಳು.

‘ಅತ್ತೆ, ಮನೆಗೆ ಬನ್ನಿ.’

ಅತ್ತೆ ಸೌಟು ತೊಳೆದು ಮಡಿಚಿದ ಬಟ್ಟೆಯ ಮೇಲಿಟ್ಟರು. ‘ನಿನ್ನ ಜೊತೆ ಚೆನ್ನಾಗಿದ್ದೆ. ಇವನ ಜೊತೆ ಅಷ್ಟು ಚೆನ್ನಾಗಿರಲ್ಲ. ಊಟಕ್ಕೆ ಕೂತ್ರೆ ಉಪ್ಪು ಅನ್ನೋ ಪದದ ಹುಟ್ಟು ಹೇಳ್ತಾನೆ. ಆದ್ರೂ ಇಲ್ಲೇ ಇರ್ತೀನಿ.’

‘ಯಾಕೆ?’

‘ನಿನಗೆ ನಾನು ಇದ್ರೆ ಚೆನ್ನಾಗಿರುತ್ತೆ. ಇವನಿಗೆ ನಾನು ಇಲ್ದಿದ್ರೆ ಆಗಲ್ಲ. ಔಷಧಿ ಬಾಟ್ಲಿ ನೋಡಿದ್ಯಲ್ಲ ಆವತ್ತು.’ ಅತ್ತೆ ಒಲೆಯ ಉರಿ ತಗ್ಗಿಸಿದರು. ‘ನೀನೂ ಬಂದುಬಿಡು ಅಂತ ಹೇಳಬಹುದಿತ್ತು. ಹೇಳಲ್ಲ. ಹೇಳಿದ್ರೆ ನೀನು ಬರೋಳಲ್ಲ, ಬರೋದೂ ಬೇಡ.’

‘ಇಲ್ಲ ಅತ್ತೆ. ಬರಲ್ಲ.’

‘ಅದೇ ಅಂದೆ. ಕೂತ್ಕೋ, ಊಟ ಮಾಡಿ ಹೋಗು. ಮಂಚ ಕಳಿಸಿಬಿಡು. ಇವನ ಹಾಸಿಗೇಲಿ ಬೆನ್ನು ಹಿಡೀತಿದೆ.’

ಮಂಚ ಸಾಗಿಸುವ ದಿನ ಮೇಷ್ಟ್ರೇ ಬಂದರು. ಮಂಚ ಬಿಚ್ಚಿಕೊಳ್ಳುವಂಥದ್ದಲ್ಲ, ಒಂದೇ ಅಚ್ಚಿನ ಹಳೆಯ ಮರ. ಒಂದು ತುದಿ ಅವರು, ಒಂದು ತುದಿ ಅವಳು ಹಿಡಿದು ಮೆಟ್ಟಿಲಿಳಿಸಿದರು. ತಿರುವಿನಲ್ಲಿ ಮಂಚ ಸಿಕ್ಕಿಕೊಂಡಿತು. ‘ನಿಮ್ಮ ಕಡೆ ಎತ್ತಿ’ ಎಂದರು ಅವರು. ‘ನೀವು ಮೊದಲು ಇಳಿಸಿ’ ಎಂದಳು ಅವಳು. ಕೆಳಗಿನ ಮನೆಯ ನರ್ಸ್ ಬಾಗಿಲು ತೆರೆದು ಬಂದು, ಇಬ್ಬರ ಮಾತನ್ನೂ ಕೇಳದೆ ಮಂಚವನ್ನು ಮಗ್ಗುಲಾಗಿಸಿದಳು. ಆಮೇಲೆ ಸಲೀಸಾಗಿ ಇಳಿಯಿತು. ಗಾಡಿಯ ಹಿಂದೆ ಹಗ್ಗ ಕಟ್ಟಿದ ಮೇಲೆ ಮೇಷ್ಟ್ರು ಕೈ ಒರೆಸಿಕೊಂಡು, ಏನೋ ಹೇಳಲು ಬಾಯಿ ತೆರೆದರು. ಅವಳು ಕಾದಳು. ‘ಹಳೆಯ ಮರ, ಗಟ್ಟಿ ಇದೆ,’ ಎಂದು ಹೇಳಿ ಗಾಡಿ ಹತ್ತಿದರು.

ಮೇಲೆ ಬಂದಾಗ ಕಿಟಕಿಯ ಬಳಿ ನೆಲದಲ್ಲಿ ಮಂಚದ ಅಳತೆಯ ಒಂದು ಚೌಕ ಉಳಿದಿತ್ತು, ಸುತ್ತಲಿನ ನೆಲಕ್ಕಿಂತ ತುಸು ಹೊಸದಾಗಿ. ಅವಳು ಅದನ್ನು ಗುಡಿಸಿ, ಒರೆಸಿ, ಒಣಗಲು ಬಿಟ್ಟಳು. ಆಮೇಲೆ ಒಳಕೋಣೆಯ ಕತ್ತಲ ಮೂಲೆಯಲ್ಲಿದ್ದ ತನ್ನ ಬರೆಯುವ ಮೇಜನ್ನು ಎಳೆದು ತಂದು ಅಲ್ಲಿ ಹಾಕಿದಳು. ಅತ್ತೆ ಎಲ್ಲಕ್ಕಿಂತ ಒಳ್ಳೆಯ ಜಾಗ ಹಿಡಿದಿದ್ದರು ಎಂಬುದು ಅವಳಿಗೆ ಕೂತ ಮೇಲೆ ತಿಳಿಯಿತು. ಬೆಳಕು ಎಡಗಡೆಯಿಂದ ಬರುತ್ತಿತ್ತು, ಬರೆಯುವ ಕೈಯ ನೆರಳು ಕಾರ್ಡಿನ ಮೇಲೆ ಬೀಳುತ್ತಿರಲಿಲ್ಲ. ಕತ್ತಲಾಗುವ ತನಕ ದೀಪ ಹಾಕದೆ ಕೆಲಸ ಮಾಡಿದಳು.